ಕೈ ಕಂಡರೆ ಕಳೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಚಿಕ್ಕಮ್ಮನಿಗೆ ಅದೇ ಜಾಗದಲ್ಲಿ ಭಯ. ಲಿಫ್ಟ್ ಕಂಡರೆ ಭಯ, ಕರೆಂಟಿನ ಸ್ವಿಚ್ಚು ಕಂಡರೆ ಭಯ. ಫೋನು ಬೆನ್ನುಬೆನ್ನಿಗೆ ಎರಡು ಸಲ ಹೊಡೆದುಕೊಂಡರೆ ಯಾರೋ ಹೋಗಿಯೇಬಿಟ್ಟರು ಎಂದು ಗೋಡೆ ಹಿಡಿದುಕೊಂಡು ಕೂರುತ್ತಾಳೆ. ನನ್ನ ಸ್ಕೂಟರಿನ ಹಿಂದೆ ಒಂದು ದಿನವೂ ಕೂತವಳಲ್ಲ. “ನೀನು ಮುಂದೆ ಹೋಗಿರು ಕಣೇ, ನಾನು ಬಸ್ಸಲ್ಲಿ ಬರ್ತೀನಿ” ಎನ್ನುವುದು ದಿನಾ ಬೆಳಗಿನ ಮಾತು. ಇಂಥ ಹೆದರುಪುಕ್ಕಲಿಯ ಬಗ್ಗೆ ಬರೆಯುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ಒಂದು ಕಾಲಕ್ಕೆ ನಾನೂ ಹಾಗೇ ಅಂದುಕೊಂಡಿದ್ದೆ.

ಅವಳು ನಮ್ಮ ಅಮ್ಮನ ಬೆನ್ನಿಗೆ ಹುಟ್ಟಿದವಳು. ಅಕ್ಕತಂಗಿ ಇಬ್ಬರೂ ಇಪ್ಪತ್ತೆರಡು ವರ್ಷ ಬೇರೆಯವರ ಹೊಲಗಳಲ್ಲಿ ಒಂದೇ ಸಾಲಿನ ಆಚೆ ಈಚೆ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತಿದ್ದಾರೆ. ಕೈಗೆ ಸಿಕ್ಕಿದ್ದನ್ನು ಎಳೆದುಹಾಕಿದರೆ ಕಳೆ ಕಿತ್ತಂತೆ ಎಂದುಕೊಂಡವರು ಒಂದು ದಿನ ಈರುಳ್ಳಿ ಹೊಲಕ್ಕೆ ಇಳಿದು ನೋಡಬೇಕು. ಈರುಳ್ಳಿ ಮೊಳಕೆಯೂ ಹಸಿರು ಕಡ್ಡಿ, ಹುಲ್ಲೂ ಹಸಿರು ಕಡ್ಡಿ. ಚಿಕ್ಕಮ್ಮನಿಗೆ ಮಾತ್ರ ಗೊಂದಲವೇ ಇಲ್ಲ. ಈರುಳ್ಳಿ ಕುತ್ತಿಗೆ ಬಗ್ಗಿಸಿಕೊಂಡು ಮಣ್ಣಿನಿಂದ ಏಳುತ್ತದೆ, ಹುಲ್ಲು ನೆಟ್ಟಗೆ ಏಳುತ್ತದೆ, ಬೆರಳಲ್ಲಿ ಹೊಸೆದರೆ ಒಂದು ದುಂಡಗೆ, ಇನ್ನೊಂದು ಚಪ್ಪಟೆ. ಇಷ್ಟೆಲ್ಲ ಗೊತ್ತಿದ್ದವಳ ಮೊಣಕಾಲು ನಲವತ್ತಾರನೆಯ ವರ್ಷಕ್ಕೆ ಕೈಕೊಟ್ಟಿತು. ಇನ್ನು ಮೇಲೆ ನೆಲದ ಮೇಲೆ ಕೂರುವಂತಿಲ್ಲ ಎಂದು ಡಾಕ್ಟರು ಹೇಳಿದ ದಿನ ಅವಳು ಅತ್ತಿದ್ದನ್ನು ನೋಡಿ ನಾನೇ ನಮ್ಮ ಕಂಪನಿಗೆ ಕರೆದುಕೊಂಡು ಬಂದೆ.

ಕಂಪನಿ ಎಂದರೆ ಹೆದ್ದಾರಿಯ ಪಕ್ಕದಲ್ಲಿರುವ, ಹಿಂದೆ ಸೋಪು ಮಾಡುತ್ತಿದ್ದ ಒಂದು ಶೆಡ್ಡು. ಮಳೆ ಬಂದರೆ ಇವತ್ತಿಗೂ ಗೋಡೆಯಿಂದ ಸೋಪಿನ ವಾಸನೆ ಬರುತ್ತದೆ. ಅಲ್ಲಿ ಹನ್ನೊಂದು ಜನ ಸೇರಿಕೊಂಡು ತನ್ನಷ್ಟಕ್ಕೆ ತಾನೇ ಹೊಲದಲ್ಲಿ ಓಡಾಡಿ ಕಳೆ ಕತ್ತರಿಸುವ ಯಂತ್ರ ಮಾಡುತ್ತಿದ್ದೇವೆ. ಮೇಜಿನಷ್ಟು ಅಗಲ, ನಾಲ್ಕು ಚಕ್ರ, ಹೊಟ್ಟೆಯ ಅಡಿಯಲ್ಲಿ ಕ್ಯಾಮೆರಾ, ಎರಡು ಬದಿಗೂ ಮಡಚುವ ಕೈ, ಕೈಯ ತುದಿಯಲ್ಲಿ ಬ್ಲೇಡು. ಅದಕ್ಕೊಂದು ದೊಡ್ಡ ಹೆಸರು ಕಾಗದದ ಮೇಲಿದೆ, ನಾವು ಏಡಿ ಅನ್ನುತ್ತೇವೆ. ಮೂವತ್ತು ದಾಟದ ನಮ್ಮ ಯಜಮಾನರು, ಅದಕ್ಕೆ ಬುದ್ಧಿ ಕೂಡಿಸುವ ಎಂಜಿನಿಯರು, ಉಳಿದವರು ತಿರುಪು ತಂತಿಯವರು. ಎಂಜಿನಿಯರಿಗೆ ದಪ್ಪ ಗಾಜು ಇರುವುದರಿಂದ ಕನ್ನಡಕ ಎಂದೇ ಹೆಸರು. ನಾನು ಮೊದಲು ಮಕ್ಕಳಿಗೆ ಟ್ಯೂಶನ್ ಹೇಳುತ್ತಿದ್ದವಳು, ಹಾಗಾಗಿ ಎಲ್ಲರಿಗೂ ಟೀಚರ್. ಚಿತ್ರಗಳ ವಿಭಾಗ ನನ್ನದು. ವಿಭಾಗದಲ್ಲಿ ಇದ್ದದ್ದು ನಾನು ಮತ್ತು ಚಿಕ್ಕಮ್ಮ, ಅಷ್ಟೇ.

ಅವಳನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಕನ್ನಡಕ ಗಂಭೀರವಾಗಿ, “ಅಮ್ಮಾ, ನಿಮಗೆ ಕಳೆ ಗುರುತು ಹಿಡಿಯೋಕೆ ಬರುತ್ತಾ?” ಎಂದು ಕೇಳಿದರು.

“ಮುಖದ ಕಳೆನಾ, ಹೊಲದ ಕಳೆನಾ?” ಎಂದಳು ಚಿಕ್ಕಮ್ಮ. ಎಲ್ಲರೂ ನಕ್ಕರು. ತಾನು ಏನೋ ತಪ್ಪು ಮಾತಾಡಿದೆನೇನೋ ಎಂದು ಅವಳು ಒಂದು ವಾರ ಕೊರಗಿದಳು.

ಕೆಲಸ ಇಷ್ಟೇ. ಪರದೆಯ ಮೇಲೆ ಹೊಲದ ಫೋಟೋ ಬರುತ್ತದೆ. ಒಂದೊಂದು ಗಿಡದ ಸುತ್ತಲೂ ಚೌಕ ಎಳೆದು ಕೆಳಗಿರುವ ಎರಡು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು. ‘ಬೆಳೆ’ ಎಂದು ಒತ್ತಿದರೆ ಚೌಕ ಹಸಿರಾಗುತ್ತದೆ, ‘ಕಳೆ’ ಎಂದು ಒತ್ತಿದರೆ ಕೆಂಪಾಗುತ್ತದೆ. ಹೀಗೆ ಸಾವಿರಾರು ಚಿತ್ರ ನೋಡಿ ನೋಡಿ ಏಡಿ ಕಲಿಯುತ್ತದೆ. ಹಸಿರನ್ನು ಬಿಡುತ್ತದೆ, ಕೆಂಪನ್ನು ಕತ್ತರಿಸುತ್ತದೆ. ಅದಕ್ಕೆ ಗೊತ್ತಿರುವುದು ಈ ಎರಡೇ. ಪರದೆಯ ಮೂಲೆಯಲ್ಲಿ ಕಸದ ಬುಟ್ಟಿಯ ಒಂದು ಸಣ್ಣ ಗುರುತೂ ಇತ್ತು. ಅದನ್ನು ಒತ್ತಿದರೆ ಆ ಫೋಟೋವನ್ನೇ ತೆಗೆದುಹಾಕಬಹುದು. ಮೊದಲ ದಿನವೇ ಚಿಕ್ಕಮ್ಮನಿಗೆ, “ಅದನ್ನ ಮಾತ್ರ ಮುಟ್ಟಬೇಡ ಮಹರಾಯ್ತಿ, ಎಲ್ಲಾ ಹೊರಟುಹೋಗುತ್ತೆ” ಎಂದು ಹೆದರಿಸಿದ್ದೆ. ಕಲಿಸುವುದಕ್ಕಿಂತ ಹೆದರಿಸುವುದು ಬೇಗ ಮುಗಿಯುತ್ತದೆ ನೋಡಿ. ಆಮೇಲೆ ಅವಳು ಕರ್ಸರನ್ನು ಆ ಮೂಲೆಗೆ ತೆಗೆದುಕೊಂಡು ಹೋಗಲೂ ಇಲ್ಲ.

ಒಂದೊಂದು ಫೋಟೋಗೂ ಅವಳು ಕೈಯಲ್ಲಿ ಜೀವ ಹಿಡಿದುಕೊಂಡು ಕೂರುತ್ತಿದ್ದಳು. “ನಾನು ತಪ್ಪು ಒತ್ತಿದ್ರೆ ಅದು ಕತ್ತರಿಸಿಬಿಡುತ್ತೆ ಅಲ್ವಾ?” ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. “ನಿನ್ನ ಒಂದು ಚಿತ್ರದಿಂದ ಏನೂ ಆಗಲ್ಲ, ಒತ್ತು” ಎಂದು ನಾನು ರೇಗುತ್ತಿದ್ದೆ. ಆರು ತಿಂಗಳಲ್ಲಿ ಅವಳು ಹಾಕಿದ ಗುರುತುಗಳಲ್ಲಿ ಕನ್ನಡಕ ತಪ್ಪು ಹುಡುಕಲು ಕೂತು ಸೋತುಹೋದರು.

ಆಮೇಲೆ ಆ ಪ್ರದರ್ಶನದ ಗಲಾಟೆ ಶುರುವಾಯಿತು. ಗಿಡದ ಬುಡದ ಸುತ್ತ ನಾಲ್ಕು ಬೆರಳಿನಷ್ಟು ಜಾಗಕ್ಕೆ ಏಡಿ ಬ್ಲೇಡು ಹಾಕುವುದಿಲ್ಲ, ಅದನ್ನು ಕೈಯಲ್ಲೇ ಕೀಳಬೇಕು. ಯಂತ್ರವನ್ನು ಕೊಳ್ಳಲು ಬರುವವರ ಮುಂದೆ ಯಂತ್ರ ಮತ್ತು ಮನುಷ್ಯರು ಅಕ್ಕಪಕ್ಕ ಕೆಲಸ ಮಾಡುವುದನ್ನು ತೋರಿಸೋಣ ಎಂದರು ಯಜಮಾನರು. ಅದಕ್ಕೆ ಕನ್ನಡಕ ಅಂಥ ಹೊಲಗಳ ಹೊಸ ಫೋಟೋಗಳನ್ನು ತೆಗೆದುಕೊಂಡು ಬಂದರು. ಹೆಂಗಸರು ಕೂತು ಕಳೆ ಕೀಳುತ್ತಿದ್ದ ಹೊಲಗಳು, ಅಮ್ಮನ ಗುಂಪು ಕೂತಿದ್ದ ಹೊಲವೂ ಸೇರಿ. ಸಹಜವಾಗಿ ಅರ್ಧಕ್ಕರ್ಧ ಫೋಟೋಗಳಲ್ಲಿ ಯಾರದೋ ಕೈ, ಯಾರದೋ ಬೆರಳು.

“ಟೀಚರ್, ಕೈ ಬಂದಿರೋ ಫೋಟೋಗಳೆಲ್ಲ ಬೇಡ, ತೆಗೆಸಿಬಿಡಿ” ಎಂದರು ಕನ್ನಡಕ.

ನಾನು ಒಂದು ಹಳದಿ ಚೀಟಿಯ ಮೇಲೆ ಬರೆದು ಚಿಕ್ಕಮ್ಮನ ಪರದೆಗೆ ಅಂಟಿಸಿದೆ: ‘ಕೈ ಕಂಡರೆ ಕಳೆ.’

ಏಳು ವರ್ಷ ಮಕ್ಕಳಿಗೆ ಕೂಡು, ಕಳೆ, ಗುಣಿಸು ಎಂದು ಹೇಳಿಕೊಟ್ಟ ಬಾಯಿ ನನ್ನದು. ಕಳೆ ಎಂದರೆ ನನ್ನ ತಲೆಯಲ್ಲಿ ತೆಗೆದುಹಾಕು ಎಂದೇ ಅರ್ಥ. ಬೇರೆ ಯಾರಿಗಾದರೂ ಬರೆದಿದ್ದರೆ ಕಳೆಯಿರಿ ಎಂದು ಬರೆಯುತ್ತಿದ್ದೆ. ಯಜಮಾನರು ಕಂಪನಿಯಲ್ಲಿ ಎಲ್ಲರೂ ಎಲ್ಲರನ್ನೂ ನೀವು ಅನ್ನಬೇಕು ಎಂದು ನಿಯಮ ಮಾಡಿಟ್ಟಿದ್ದರು. ಆದರೆ ಮನೆಯವಳಿಗೆ ಎಂಥ ಬಹುವಚನ ಎಂದು ನಾನು ಆ ಎರಡು ಅಕ್ಷರ ಉಳಿಸಿದೆ. ಮರ್ಯಾದೆಯ ಆ ‘ಯಿರಿ’ ಇದ್ದಿದ್ದರೆ ನಾನು ಇದನ್ನು ಬರೆಯುತ್ತಲೇ ಇರುತ್ತಿರಲಿಲ್ಲ. ಚಿಕ್ಕಮ್ಮನ ಪರದೆಯ ಮೇಲೆ ಕಳೆ ಎಂದರೆ ಒಂದೇ ಅರ್ಥ. ಅದು ಕೆಂಪು ಗುಂಡಿಯ ಹೆಸರು.

ಮೂರನೆಯ ದಿನ ಅವಳು ಎದ್ದು ನನ್ನ ಮೇಜಿನ ಹತ್ತಿರ ಬಂದಳು. ನಾನು ಫೋನಿನಲ್ಲಿ ಕ್ಯಾಮೆರಾ ಅಂಗಡಿಯವನ ಜೊತೆ ಜಗಳದಲ್ಲಿದ್ದೆ.

“ಕೈಗೂ ಕಳೆ ಅಂತಲೇ ಒತ್ತಬೇಕೇನೇ? ಮನುಷ್ಯರ ಕೈ ಅಲ್ವಾ ಅದು?”

“ಬರ್ದಿದೀನಲ್ಲ ಚಿಕ್ಕಮ್ಮಾ! ಕೈ ಕಂಡ್ರೆ ಕಳೆ. ಕನ್ನಡದಲ್ಲೇ ತಾನೇ ಬರ್ದಿರೋದು? ನಿನ್ನ ಭಯಕ್ಕೆಲ್ಲ ಉತ್ತರ ಕೊಡ್ತಾ ಕೂತ್ರೆ ನನ್ನ ಕೆಲಸ ಯಾರು ಮಾಡ್ತಾರೆ?”

“ಸರಿ ಹಂಗಾದ್ರೆ” ಎಂದು ಕಾಲೆಳೆದುಕೊಂಡು ಹೋಗಿ ಕೂತಳು.

ಆ ಮೇಲಿನ ದಿನಗಳಲ್ಲಿ ಅವಳು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಸಂಜೆ ಕೆಲಸ ಬಿಟ್ಟವಳು ತನ್ನ ಮನೆಗೆ ಹೋಗದೆ ನೇರ ನಮ್ಮ ಮನೆಗೆ ಬಂದು ಅಮ್ಮನ ಪಕ್ಕ ಕೂರುತ್ತಿದ್ದಳು. ಅಮ್ಮನ ಕೈ ಎಳೆದುಕೊಂಡು ಬಿರುಕುಗಳಿಗೆ ಎಣ್ಣೆ ಹಚ್ಚುತ್ತಿದ್ದಳು. “ಏನೇ ಇದು, ನಂಗೇನಾಗಿದೆ?” ಎಂದು ಅಮ್ಮ ನಗುತ್ತಿದ್ದಳು. ವಯಸ್ಸಾಗುತ್ತಿದ್ದಂತೆ ಇವಳಿಗೆ ತಲೆ ಕೆಡುತ್ತಿದೆ ಎಂದು ನಾನು ಅಂದುಕೊಂಡೆ. ಅಂದುಕೊಂಡೆ ಏನು, ಬಾಯಿಬಿಟ್ಟೇ ಅಂದೆ.

ಪ್ರದರ್ಶನದ ದಿನ ಬೆಳಿಗ್ಗೆ ಏಳು ಗಂಟೆಗೆ ಏಡಿಯನ್ನು ಲಾರಿಗೆ ಏರಿಸಿಕೊಂಡು ಯಜಮಾನರು, ಕನ್ನಡಕ, ಉಳಿದವರೆಲ್ಲ ಹೊಲಕ್ಕೆ ಹೋದರು. ಕಳೆ ಕೀಳಲು ಬಂದಿದ್ದ ಎಂಟು ಹೆಂಗಸರಿಗೆ ಅಮ್ಮನೇ ಮುಂದಾಳು. ನಾನು ಮತ್ತು ಚಿಕ್ಕಮ್ಮ ಶೆಡ್ಡಿನಲ್ಲಿ ಉಳಿದೆವು. ಬಂದವರಿಗೆ ತೋರಿಸಲು ಒಂದು ವರದಿ ಬೇಕಾಗಿತ್ತು. ಎಷ್ಟು ಚಿತ್ರ ಉಪಯೋಗಿಸಿದೆವು, ಎಷ್ಟು ತೆಗೆದುಹಾಕಿದೆವು, ಅಷ್ಟೇ. ಹತ್ತು ನಿಮಿಷದ ಕೆಲಸ ಎಂದು ಚಹಾ ಲೋಟ ಪಕ್ಕಕ್ಕಿಟ್ಟುಕೊಂಡು ಕೂತೆ.

ತೆಗೆದುಹಾಕಿದ ಚಿತ್ರಗಳು: ಸೊನ್ನೆ.

ಕಂಪ್ಯೂಟರಿಗೆ ಏನೋ ಆಗಿದೆ ಎಂದು ಇನ್ನೊಂದು ಸಲ ನೋಡಿದೆ. ಸೊನ್ನೆ. ಹಾಗಾದರೆ ಆ ಕೈಗಳೆಲ್ಲ ಎಲ್ಲಿ ಹೋದವು? ಕೆಂಪು ಗುರುತಿನ ಚಿತ್ರಗಳನ್ನು ತೆರೆದೆ. ಸಾಲಾಗಿ ಬಂದವು. ಹುಲ್ಲು, ಹುಲ್ಲು, ಅಗಲ ಎಲೆ, ಬೆರಳು. ಹುಲ್ಲು, ಅಂಗೈ, ಉಗುರಿನಲ್ಲಿ ಮಣ್ಣು ತುಂಬಿದ ಹೆಬ್ಬೆರಳು, ಹುಲ್ಲು. ಇಳಿಸುತ್ತಾ ಹೋದೆ, ಮುಗಿಯಲೇ ಇಲ್ಲ. ಸಾವಿರದ ಮುನ್ನೂರ ಹನ್ನೆರಡು ಕೈಗಳು, ಒಂದೊಂದರ ಸುತ್ತಲೂ ಒಂದು ಕೂದಲೆಳೆಯೂ ಆಚೀಚೆ ಆಗದಂತೆ ಎಳೆದ ಕೆಂಪು ಚೌಕ. ಚಿಕ್ಕಮ್ಮನ ಕೆಲಸ ಯಾವತ್ತೂ ಅಚ್ಚುಕಟ್ಟು.

“ಏನ್ ಮಾಡಿಟ್ಟಿದೀಯ ಚಿಕ್ಕಮ್ಮಾ! ಕೈನೆಲ್ಲ ಕಳೆ ಅಂತ ಮಾಡಿಟ್ಟಿದೀಯಲ್ಲೇ! ಅದು ಕತ್ತರಿಸುತ್ತೆ ಕಣೇ, ಕತ್ತರಿಸುತ್ತೆ!”

ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಪರದೆಯಿಂದ ಆ ಹಳದಿ ಚೀಟಿಯನ್ನು ಕಿತ್ತು ನನ್ನ ಕೈಗೆ ಕೊಟ್ಟಳು. ನಾನು ಓದಿದೆ. ನನ್ನದೇ ದುಂಡನೆಯ ಅಕ್ಷರ. ಓದುತ್ತಿದ್ದಂತೆ ಆ ಮಾತು ನನ್ನ ಕಣ್ಣೆದುರೇ ಮಗ್ಗುಲು ಬದಲಾಯಿಸಿತು. ರೇಗಲು ಇನ್ನು ಯಾರೂ ಉಳಿದಿರಲಿಲ್ಲ.

ಕನ್ನಡಕಕ್ಕೆ ಫೋನ್ ಮಾಡಿದೆ, ಸಿಗಲಿಲ್ಲ. ವಿಡಿಯೋ ತೆಗೆಯುವಾಗ ತೊಂದರೆ ಬೇಡ ಎಂದು ಕರೆಗಳೇ ಬಾರದಂತೆ ಮಾಡಿಟ್ಟಿದ್ದರಂತೆ. ಯಜಮಾನರಿಗೆ ಮಾಡಿದೆ, ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಅಮ್ಮನಿಗೆ ಮಾಡಿದೆ. ಅವಳ ಫೋನು ಯಾವಾಗಲೂ ಬದುವಿನ ಮೇಲಿನ ಚೀಲದಲ್ಲಿ ಇರುತ್ತದೆ. ಮೂರನೆಯ ಸಲಕ್ಕೆ ಯಾರೋ ಹೆಂಗಸು ಎತ್ತಿದರು. ಹಿಂದೆ ಮೈಕಿನ ಸದ್ದು.

“ಮೆಷಿನ್ ನಿಲ್ಸಿ ಅನ್ನಿ! ಮೆಷಿನ್ ನಿಲ್ಸೋಕೆ ಹೇಳಿ!” ಎಂದು ಕಿರುಚಿದೆ.

“ಮೆಷಿನ್ನಾ? ಹೂಂ, ಈಗ ಇಳಿಸಿದ್ರು ನೋಡಿ. ಏನ್ ಚೆನ್ನಾಗಿ ಓಡುತ್ತೆ ಅಂತೀರಾ! ಅವ್ರು ಸಾಲಲ್ಲಿದಾರೆ, ಆಮೇಲೆ ಮಾಡಿ” ಎಂದು ಅವರು ಇಟ್ಟೇಬಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

ನಾನು ಸ್ಕೂಟರಿನ ಬೀಗದ ಕೈ ಹುಡುಕುವಷ್ಟರಲ್ಲಿ ಚಿಕ್ಕಮ್ಮ ಬಾಗಿಲಾಚೆ ಸ್ಕೂಟರಿನ ಪಕ್ಕ ನಿಂತಿದ್ದಳು. ಮೊಣಕಾಲು ಮಡಚಲಾಗದೆ ಸೀಟಿನ ಮೇಲೆ ಹೊಟ್ಟೆ ಹಾಕಿ ಹೇಗೋ ಹತ್ತಿ ಕೂತು, ಎರಡೂ ಕೈಯಿಂದ ನನ್ನ ಸೊಂಟ ಬಳಸಿದಳು. ಹೊಲಕ್ಕೆ ಇಪ್ಪತ್ತು ನಿಮಿಷದ ದಾರಿ. ಅವಳ ಹಲ್ಲು ಕಟಕಟ ಅನ್ನುವುದು ನನ್ನ ಬೆನ್ನಿಗೆ ಕೇಳುತ್ತಿತ್ತು. ಒಂದು ಲಾರಿಯನ್ನು ತಪ್ಪು ಕಡೆಯಿಂದ ದಾಟಿದೆ, ಯಾರೋ ಕೆಟ್ಟದಾಗಿ ಬೈದರು. ನಿಧಾನ ಎಂದು ಅವಳು ಒಮ್ಮೆಯೂ ಅನ್ನಲಿಲ್ಲ.

ದಾರಿಯಲ್ಲಿ ಒಂದೇ ಒಂದು ಮಾತಾಡಿದಳು. “ಅಕ್ಕ ಯಾವಾಗ್ಲೂ ಸಾಲಲ್ಲಿ ಎಲ್ರಿಗಿಂತ ಮುಂದೆ ಇರ್ತಾಳೆ ಕಣೇ. ಅವಳೇ ಮೊದ್ಲು ಸಿಗೋದು.”

ನನಗೆ ಅಳು ಬಂತು. ಅಳುತ್ತಲೇ ಓಡಿಸಿದೆ. ಏಡಿಯ ಮುಂಭಾಗಕ್ಕೆ ಒಂದು ರಬ್ಬರ್ ಪಟ್ಟಿ ಇದೆ, ಯಾರದಾದರೂ ಕಾಲು ತಗುಲಿದರೆ ಅದು ತಕ್ಷಣ ನಿಲ್ಲುತ್ತದೆ. ಅದೊಂದು ಸಮಾಧಾನ ಎಂದುಕೊಳ್ಳುತ್ತಿದ್ದಂತೆಯೇ ನೆನಪಾಯಿತು, ಆ ಪಟ್ಟಿ ಇರುವುದು ಮೊಣಕಾಲಿನ ಎತ್ತರಕ್ಕೆ. ನೆಲಕ್ಕೆ ಊರಿದ ಕೈ ಅದರ ಅಡಿಯಲ್ಲಿ ಸಲೀಸಾಗಿ ಒಳಗೆ ಹೋಗುತ್ತದೆ. ಶೆಡ್ಡಿನಲ್ಲಿ ಮಣ್ಣಿನ ತಟ್ಟೆಗಳನ್ನಿಟ್ಟು ದಿನಗಟ್ಟಲೆ ಪರೀಕ್ಷೆ ಮಾಡಿದ್ದೆವು. ಒಬ್ಬರೂ ಅದರ ಅಡಿಗೆ ಕೈ ಚಾಚಿ ನೋಡಿರಲಿಲ್ಲ.

ಹೊಲದಂಚಿಗೆ ತಲುಪಿದಾಗ ಯಜಮಾನರು ಮೈಕ್ ಹಿಡಿದು ಮಾತಾಡುತ್ತಿದ್ದರು. ಕುರ್ಚಿಗಳ ಮೇಲೆ ಇಪ್ಪತ್ತು ಮೂವತ್ತು ಜನ. ಕನ್ನಡಕ ಆಚೆ ಬದುವಿನ ಮೇಲೆ ನಿಂತು ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದರು, ಯಂತ್ರ ನಿಲ್ಲಿಸುವ ರಿಮೋಟು ಅವರ ಜೇಬಿನಲ್ಲಿ. ಹೊಲದ ನಡುವೆ ಏಡಿ ಬರುತ್ತಿತ್ತು. ಕಟಕ್, ಒಂದು ಹೆಜ್ಜೆ, ಕಟಕ್. ಅದರ ಮುಂದೆ, ಅದೇ ಸಾಲಿನಲ್ಲಿ, ಬೆನ್ನು ಈ ಕಡೆ ಮಾಡಿಕೊಂಡು ಅಮ್ಮ. ಒಂದು ಕೈ ಮಣ್ಣಿನಲ್ಲಿ ಊರಿ, ಇನ್ನೊಂದರಲ್ಲಿ ಕೀಳುತ್ತಾ, ಪಕ್ಕದವಳ ಜೊತೆ ಏನೋ ಹೇಳಿ ನಗುತ್ತಿದ್ದಳು. ಅವಳಿಗೂ ಯಂತ್ರಕ್ಕೂ ಮಧ್ಯೆ ನಾಲ್ಕು ಮಾರು.

ನಾನು “ಅಮ್ಮಾ!” ಎಂದು ಕೂಗಿದೆ. ಕೂಗಿದೆ ಎಂದುಕೊಂಡೆ, ಅಷ್ಟೇ. ಮನೆಯಲ್ಲಿ, ಆಫೀಸಿನಲ್ಲಿ, ಅಂಗಡಿಯಲ್ಲಿ ಎಲ್ಲರ ಬಾಯಿ ಮುಚ್ಚಿಸುವ ನಾನು ಬದುವಿನ ಮೇಲೆ ನೆಟ್ಟ ಕಂಬದ ಹಾಗೆ ನಿಂತುಬಿಟ್ಟೆ. ಕಾಲು ಎತ್ತಬೇಕೆಂದರೂ ಎತ್ತಲಾಗಲಿಲ್ಲ.

ಓಡಿದವಳು ಚಿಕ್ಕಮ್ಮ. ಓಟವೇನು ಅದು, ಎರಡೂ ಕಾಲು ಮಡಚದೆ ಮರದ ಗೊಂಬೆಯ ಹಾಗೆ ಅತ್ತಿತ್ತ ವಾಲುತ್ತಾ, ಈರುಳ್ಳಿ ಸಾಲುಗಳನ್ನು ತುಳಿದುಕೊಂಡು ಹೋದಳು. ಕುರ್ಚಿಯ ಮೇಲಿದ್ದವರಲ್ಲಿ ಯಾರೋ ನಕ್ಕರು. ಯಜಮಾನರು ಮೈಕಿನಲ್ಲೇ, “ಅಮ್ಮಾ, ಸಾಲು ತುಳೀಬೇಡಿ” ಎಂದರು. ಅಷ್ಟರಲ್ಲಿ ಏಡಿ ಅಮ್ಮನ ಪಕ್ಕಕ್ಕೇ ಬಂದು, ಅವಳು ಊರಿದ್ದ ಕೈ ಅದರ ಹೊಟ್ಟೆಯಡಿಗೆ ಸೇರಿ, ಏಡಿಯ ಕೈ ಮಡಿಕೆ ಬಿಚ್ಚಿ ಕೆಳಗಿಳಿಯುತ್ತಿತ್ತು. ಚಿಕ್ಕಮ್ಮ ಅದರ ಎದುರಿಗೆ ಹೋಗಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಊದಿದ ಆ ಮೊಣಕಾಲುಗಳನ್ನು ರಬ್ಬರ್ ಪಟ್ಟಿಗೆ ಒಡ್ಡಿ ನಿಂತಳು. ಯಂತ್ರ ಬಂದು ಗುದ್ದಿತು. ಅವಳು ಚೀರಿದ ಸದ್ದು ಮೈಕಿನ ಸದ್ದನ್ನೂ ಮೀರಿ ಕೇಳಿತು. ಏಡಿ ನಿಂತಿತು.

ಆಗ ನನ್ನ ಕಾಲಿಗೆ ಜೀವ ಬಂತು. ಓಡಿಹೋಗಿ ನೋಡಿದರೆ ಬ್ಲೇಡಿನ ತುದಿ ಅಮ್ಮನ ಕಿರುಬೆರಳಿನ ಪಕ್ಕ ಮಣ್ಣಿಗೆ ಇಳಿದಿತ್ತು. ಬೆರಳಿನ ಬದಿಯ ಚರ್ಮ ಸೀಳಿ ರಕ್ತ ಸಣ್ಣಗೆ ಒಸರುತ್ತಿತ್ತು. ಬ್ಲೇಡಿನ ಎರಡೂ ಕಡೆ ಈರುಳ್ಳಿಯ ಒಂದು ಕಡ್ಡಿಯೂ ಬಾಗಿರಲಿಲ್ಲ. ಕಲಿಸಿದ ಪಾಠವನ್ನು ಅದು ಚಾಚೂ ತಪ್ಪದೆ ಒಪ್ಪಿಸಿತ್ತು.

ಅಮ್ಮನಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ. ಕನ್ನಡಕ ಬಂದು ಯಂತ್ರದ ಬೆನ್ನಿನ ಮೇಲಿದ್ದ ಪರದೆ ನೋಡಿದರು. ಅಲ್ಲಿ ಅಮ್ಮನ ಕೈ ಇತ್ತು, ಸುತ್ತಲೂ ಕೆಂಪು ಚೌಕ, ಕೆಳಗೆ ‘ಕಳೆ, ತೊಂಬತ್ತೇಳು’ ಎಂಬ ಅಂಕಿ. ನೂರಕ್ಕೆ ತೊಂಬತ್ತೇಳರಷ್ಟು ಖಾತ್ರಿ ಎಂದು ಅರ್ಥ.

“ಈ ಫೋಟೋಗಳಿಗೆ ಯಾರು ಗುರುತು ಹಾಕಿದ್ದು?” ಎಂದು ಯಜಮಾನರು ಕೇಳಿದರು. ಅವರಿಗೆ ಉತ್ತರ ಗೊತ್ತಿತ್ತು.

“ನಾನೇ ಸರ್” ಎಂದಳು ಚಿಕ್ಕಮ್ಮ. ಮಣ್ಣಿನ ಮೇಲೆ ಕಾಲು ಚಾಚಿ ಕೂತಿದ್ದಳು, ಏಳಲು ಆಗುತ್ತಿರಲಿಲ್ಲ.

“ಏನಮ್ಮಾ ಇದು! ಗಿಡಕ್ಕೂ ಮನುಷ್ಯರ ಕೈಗೂ ವ್ಯತ್ಯಾಸ ಗೊತ್ತಾಗಲ್ವಾ ನಿಮಗೆ?”

“ಸ್ವಲ್ಪ ಸುಮ್ನಿರಪ್ಪಾ ನೀನು” ಎಂದಳು ಅಮ್ಮ. ಬೆರಳನ್ನು ಇನ್ನೊಂದು ಕೈಯಲ್ಲಿ ಅದುಮಿ ಹಿಡಿದುಕೊಂಡು ತಂಗಿಯ ಎದುರಿಗೆ ಕೂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನು ಕೇಳುವುದೇ ನನಗೆ ಕಷ್ಟವಾಯಿತು. “ಇಪ್ಪತ್ತೆರಡು ವರ್ಷ ಒಂದೇ ಸಾಲಲ್ಲಿ ಕೂತಿದೀವಲ್ಲೇ. ನನ್ನ ಕೈ ನಿಂಗೆ ಗುರ್ತು ಸಿಗ್ಲಿಲ್ವಾ?”

“ಸಿಕ್ತು ಅಕ್ಕಾ. ನಿನ್ ಕೈ ಬಂದ ಮೊದಲ್ನೇ ಫೋಟೋದಲ್ಲೇ ಸಿಕ್ತು” ಎಂದು ಚಿಕ್ಕಮ್ಮ ಬಿಕ್ಕಿದಳು. “ಅದಕ್ಕೇ ಎದ್ದು ಹೋಗಿ ಕೇಳ್ದೆ.”

“ಯಾರನ್ನ ಕೇಳ್ದೆ?”

ಚಿಕ್ಕಮ್ಮ ತಲೆ ತಗ್ಗಿಸಿ ಮೊಣಕಾಲು ತಿಕ್ಕಿಕೊಳ್ಳುತ್ತಾ ಕೂತಳು. ಯಜಮಾನರು, ಕನ್ನಡಕ, ಸಾಲಿನಲ್ಲಿದ್ದ ಹೆಂಗಸರು, ಎಲ್ಲರೂ ಅವಳನ್ನೇ ನೋಡುತ್ತಿದ್ದರು. ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಹಾಗೇ ಬಿಟ್ಟಿದ್ದರೆ ಯಾರೂ ನೋಡುತ್ತಲೂ ಇರಲಿಲ್ಲ, ಅದು ನನಗೆ ಗೊತ್ತಿತ್ತು.

“ಯಾರನ್ನೇ ಕೇಳ್ದೆ?” ಎಂದಳು ಅಮ್ಮ ಮತ್ತೆ.

“ನನ್ನನ್ನ” ಎಂದೆ.

ಅಮ್ಮ ತಿರುಗಿ ನನ್ನನ್ನು ನೋಡಿದಳು. ಅವಳು ಏನಾದರೂ ಅನ್ನುವ ಮೊದಲೇ ಚಿಕ್ಕಮ್ಮ ಅವಳ ತೋಳು ಹಿಡಿದುಕೊಂಡಳು.

“ಅವತ್ತು ಅವಳಿಗೆ ಕೆಲ್ಸ ಜಾಸ್ತಿ ಇತ್ತು ಅಕ್ಕಾ” ಎಂದಳು.